ವಿಶ್ವಬ್ಯಾಂಕಿನ ಹಾಲು, ವಿಶ್ವಬ್ಯಾಂಕಿನ ನೀಲಗಿರಿ

ಬೆಳ್ಳಿಹಬ್ಬಕ್ಕೆ ಸ್ಮರಣ ಸಂಚಿಕೆ ತರಬೇಕೆಂದು ಆಡಳಿತ ಮಂಡಳಿಯಲ್ಲಿ ತೀರ್ಮಾನವಾದಾಗ, ಸಂಘದ ಚರಿತ್ರೆಯನ್ನು ಕಾರ್ಯದರ್ಶಿಗಳು ಬರೆಯುತ್ತಾರೆ, ನೀವು ಬೇರೆ ಏನಾದರೂ ಬರೆದುಕೊಡಿ ಎಂದು ಅಧ್ಯಕ್ಷರು ನನಗೆ ಅಪ್ಪಣೆ ಮಾಡಿದರು. ನಾನು ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು. ಸಭೆಯಲ್ಲಿ ಎದ್ದು ಮಾತಾಡು ಅಂದರೆ ಮಾತಾಡಿಬಿಡುತ್ತೇನೆ, ಬರೆಯುವುದು ಅಂದರೆ ಕೈ ನಡುಗುತ್ತೆ. ಆದರೂ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು, ಅದನ್ನೇ ಬರೆದಿದ್ದೇನೆ. ತಪ್ಪಿದ್ದರೆ ಸದಸ್ಯ ಬಾಂಧವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕಳೆದ ಯುಗಾದಿ ಆದಮೇಲೆ ಕಾರಿನಲ್ಲಿ ಮೂವರು ಬಂದು ನಮ್ಮ ಸಂಘದ ಕಚೇರಿಯಲ್ಲಿ ಕೂತಿದ್ದು ನಿಮಗೆಲ್ಲ ಗೊತ್ತು. ರೈತರ ಜಮೀನಿನಲ್ಲಿ ಮರ ನೆಡಿಸುವ ಯೋಜನೆ, ದುಡ್ಡು ಹೊರದೇಶದಿಂದ ಬರುತ್ತೆ, ಮರ ಹೀರುವ ಇಂಗಾಲಕ್ಕೆ ಲೆಕ್ಕ ಹಾಕಿ ವರ್ಷಾವರ್ಷ ಕೊಡುತ್ತೇವೆ, ಮೂವತ್ತು ವರ್ಷದ ಕರಾರು ಅಂದರು. ಸಂಘದವರು ಹೇಳಿದರೆ ರೈತರು ನಂಬುತ್ತಾರೆ, ನೀವೊಂದು ಠರಾವು ಮಾಡಿಕೊಡಿ ಅಂತ ಕೇಳಿದರು. ಕೆಲವು ಹುಡುಗರು ಅಲ್ಲೇ ಸೈ ಅಂದುಬಿಟ್ಟರು. ಆಗ ಮೂಲೆಯಲ್ಲಿ ಕೂತಿದ್ದ ನಮ್ಮ ಊರಿನ ಹಿರಿಯರೊಬ್ಬರು, "ಏನಪ್ಪಾ, ಹಿಂದೇನೂ ಹಿಂಗೇ ಹೊರದೇಶದ ದುಡ್ಡು ಬಂದಿತ್ತಲ್ಲ, ಅದರಿಂದ ನಮಗೆ ಒಳ್ಳೇದಾಯ್ತಾ ಕೆಟ್ಟದ್ದಾಯ್ತಾ, ಯಾರಾದರೂ ಹೇಳ್ರಿ ನೋಡಾನ" ಅಂದರು. ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಅವತ್ತಿನಿಂದ ತಾಲ್ಲೂಕು ಗ್ರಂಥಾಲಯದಲ್ಲಿ ಕೂತು, ನಿವೃತ್ತರಾದ ವಿಸ್ತರಣಾಧಿಕಾರಿಗಳ ಮನೆಗೆ ಹೋಗಿ ಕೇಳಿ, ಅಷ್ಟಿಷ್ಟು ತಿಳಿದುಕೊಂಡೆ.

ಮೊದಲು ನಮ್ಮ ಹಾಲಿನ ವಿಚಾರಕ್ಕೆ ಬರೋಣ. ಇವತ್ತು ಸಂಘದ ಮುಂದೆ ಕ್ಯಾನು ಹಿಡಿದು ನಿಲ್ಲುವ ನಾವು, ಇದು ನಮ್ಮದೇ ಅಂದುಕೊಂಡಿದ್ದೇವೆ. ಹೌದು, ನಮ್ಮದೇ. ಆದರೆ ಇದರ ಬುಡದಲ್ಲಿ ಹೊರದೇಶದ ದುಡ್ಡು ಇದೆ. 1974ರಲ್ಲಿ, ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ಮರುವರ್ಷ, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, ವಿಶ್ವಬ್ಯಾಂಕಿನ ಅಂಗಸಂಸ್ಥೆಯಾದ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘವು ಕರ್ನಾಟಕದ ಹೈನು ಅಭಿವೃದ್ಧಿಗೆಂದು 3 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ದಕ್ಷಿಣದ ಎಂಟು ಜಿಲ್ಲೆಗಳಿಗೆ ಆ ಯೋಜನೆ. ನಮ್ಮ ಕೋಲಾರ ಸೀಮೆಯೂ ಅದರಲ್ಲಿತ್ತು. ಅದಕ್ಕಾಗಿಯೇ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಆಯಿತು, 1984ರಲ್ಲಿ ಅದರ ಜಾಗಕ್ಕೆ ಹಾಲು ಮಹಾಮಂಡಳಿ ಬಂತು. ಆ ಕಾಲದ ಅಂಥ ಸಾಲದ ಕರಾರು ಐವತ್ತು ವರ್ಷ, ಮೊದಲ ಹತ್ತು ವರ್ಷ ಅಸಲು ಕಟ್ಟುವಂತಿಲ್ಲ, ಬಡ್ಡಿ ಇಲ್ಲ, ನೂರಕ್ಕೆ ಮುಕ್ಕಾಲು ರೂಪಾಯಿ ಸೇವಾಶುಲ್ಕ ಅಷ್ಟೆ. ಲೆಕ್ಕ ಹಾಕಿದರೆ ಅದರ ಗಡುವು 2024ಕ್ಕೆ ಬರುತ್ತೆ. ನಮ್ಮ ಸೊಸೈಟಿಯ ಬೆಳೆಸಾಲ ಹನ್ನೆರಡು ತಿಂಗಳು ದಾಟಿದರೆ ನೋಟೀಸು ಬರುವುದನ್ನು ನೆನೆದು ನನಗೆ ನಗು ಬಂತು.

ಹಾಗಂತ ಎಲ್ಲ ಆ ದುಡ್ಡಿನಿಂದಲೇ ಆಯಿತು ಅಂದರೆ ಹಿರಿಯರಿಗೆ ದ್ರೋಹ ಮಾಡಿದಂತೆ. ಅದಕ್ಕೆ ಮುಂಚೆಯೇ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಹಾಲಿನ ಸಹಕಾರ ಶುರುವಾಗಿತ್ತು. ಬೆಂಗಳೂರು ಡೈರಿ 1965ರಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾಗಿತ್ತು. ನಮ್ಮ ಜಿಲ್ಲೆಯವರೇ ಆದ ಎಂ.ವಿ. ಕೃಷ್ಣಪ್ಪನವರು ಕೇಂದ್ರದಲ್ಲೂ ರಾಜ್ಯದಲ್ಲೂ ಮಂತ್ರಿಗಳಾಗಿದ್ದು ಸೀಮೆಹಸುವಿನ ಆಸೆ ಹುಟ್ಟಿಸಿದ್ದು ನಮ್ಮ ತಾತಂದಿರ ಬಾಯಲ್ಲಿ ಈಗಲೂ ಇರುವ ಮಾತು.

ಇನ್ನೂ ಹಿಂದಕ್ಕೆ ಹೋದರೆ ಗುಜರಾತಿನ ಖೇಡಾ ಜಿಲ್ಲೆ. ಅಲ್ಲಿ ಪಾಲ್ಸನ್ ಅನ್ನುವ ಕಂಪನಿಗೇ ಹಾಲು ಹಾಕಬೇಕು, ಅವರು ಕೊಟ್ಟದ್ದೇ ರೇಟು ಎಂಬ ಪರಿಸ್ಥಿತಿ ಇತ್ತು. ಸರ್ದಾರ್ ಪಟೇಲರ ಸಲಹೆಯಂತೆ ರೈತರು ಹಾಲು ಹಾಕುವುದನ್ನೇ ನಿಲ್ಲಿಸಿದರು. 1946ರಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ಸಂಘ ಕಟ್ಟಿದರು. 1964ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ಆ ಸೀಮೆಗೆ ಹೋಗಿ, ಒಂದು ಹಳ್ಳಿಯಲ್ಲಿ ರಾತ್ರಿ ಉಳಿದು, ರೈತರ ಜೊತೆ ಮಾತಾಡಿ, ಇದನ್ನು ದೇಶಕ್ಕೆಲ್ಲ ಹರಡಬೇಕು ಅಂದರು. 1965ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಆನಂದ್‌ನಲ್ಲಿ ಹುಟ್ಟಿತು, ವರ್ಗೀಸ್ ಕುರಿಯನ್ನರು ಅದರ ಮುಖ್ಯಸ್ಥರಾದರು.

ಇಲ್ಲಿಂದ ಮುಂದಿನದು ಬಹಳ ಮುಖ್ಯ, ಸ್ವಲ್ಪ ಗಮನವಿಟ್ಟು ಓದಬೇಕು. ಆಗ ಯೂರೋಪಿನಲ್ಲಿ ಹಾಲಿನ ಪುಡಿ, ಬೆಣ್ಣೆ ಬೆಟ್ಟದಂತೆ ಬಿದ್ದಿತ್ತು. ಅವರಿಗೆ ಅದನ್ನು ಎಲ್ಲಾದರೂ ಸಾಗಹಾಕಬೇಕಿತ್ತು. ಬಡದೇಶಕ್ಕೆ ದಾನ ಅಂತ ಕೊಟ್ಟರೆ ಪುಣ್ಯವೂ ಬಂತು, ಗೋಡೌನೂ ಖಾಲಿ. ಆ ಪುಡಿ ನಮ್ಮ ಪೇಟೆಗೆ ಬಿಟ್ಟಿಯಾಗಿಯೋ ಅಗ್ಗವಾಗಿಯೋ ಬಂದು ಬಿದ್ದಿದ್ದರೆ ಏನಾಗುತ್ತಿತ್ತು? ನಮ್ಮ ರೈತನ ಹಾಲು ಕೇಳುವವರಿಲ್ಲದೆ ಚರಂಡಿಗೆ ಹೋಗುತ್ತಿತ್ತು. ದಾನ ಬಂದ ದೇಶದಲ್ಲಿ ಹಸು ಸಾಕುವವನೇ ನಾಶವಾಗುತ್ತಿದ್ದ. ಕುರಿಯನ್ನರ ಚಾಣಾಕ್ಷತನ ಇಲ್ಲೇ ಇರುವುದು. ದಾನದ ಪುಡಿಯನ್ನು ಅವರು ಹಂಚಲಿಲ್ಲ, ಮಾರಿದರು. ಬೊಂಬಾಯಿ, ಕಲ್ಕತ್ತ, ದಿಲ್ಲಿ, ಮದ್ರಾಸು ಈ ನಾಲ್ಕು ಪಟ್ಟಣಗಳ ಡೈರಿಗಳಿಗೆ ಇಲ್ಲಿನ ಬೆಲೆಗೇ ಕೊಟ್ಟು, ಬಂದ ಹಣವನ್ನು ಹಳ್ಳಿಯಲ್ಲಿ ಸಂಘ, ಶೀತಲ ಕೇಂದ್ರ, ಪಶು ಆಹಾರದ ಕಾರ್ಖಾನೆ, ಪಟ್ಟಣದ ಡೈರಿ ಕಟ್ಟುವುದಕ್ಕೆ ಹಾಕಿದರು. 1970ರಲ್ಲಿ ಶುರುವಾದ ಆ ಕೆಲಸಕ್ಕೆ ಆಪರೇಷನ್ ಫ್ಲಡ್ ಅಂತ ಹೆಸರು. ಮೊದಲ ಹಂತಕ್ಕೆ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಒಪ್ಪಿದ್ದು 1,26,000 ಟನ್ ಕೆನೆ ತೆಗೆದ ಹಾಲಿನ ಪುಡಿ, 42,000 ಟನ್ ಬೆಣ್ಣೆ ಎಣ್ಣೆ. ಮೂರು ಹಂತಗಳಲ್ಲಿ 1996ರವರೆಗೆ ನಡೆಯಿತು.

ಇದನ್ನು ಎಲ್ಲರೂ ಹೊಗಳಲಿಲ್ಲ. 1983ರಲ್ಲಿ ಕ್ಲಾಡ್ ಅಲ್ವಾರಿಸ್ ಎನ್ನುವವರು ಒಂದು ಇಂಗ್ಲಿಷ್ ವಾರಪತ್ರಿಕೆಯಲ್ಲಿ ಇದೆಲ್ಲ ಬಿಳಿ ಸುಳ್ಳು ಅಂತಲೇ ಬರೆದು ದೊಡ್ಡ ಗಲಾಟೆಯಾಯಿತು. ಸರ್ಕಾರ ಎಲ್.ಕೆ. ಝಾ ಅವರ ಸಮಿತಿ ಮಾಡಿ ಪರಿಶೀಲಿಸಬೇಕಾಯಿತು. ಹಳ್ಳಿಯ ಹಾಲೆಲ್ಲ ಪಟ್ಟಣಕ್ಕೆ ಹೋಗಿ ಹಳ್ಳಿಯ ಮಕ್ಕಳಿಗೇ ಇಲ್ಲದಂತಾಗುತ್ತೆ, ಸೀಮೆಹಸು ತರುವ ಶಕ್ತಿ ಇರುವವನಿಗೆ ಮಾತ್ರ ಲಾಭ ಎಂಬುದು ಟೀಕೆ ಮಾಡಿದವರ ಮಾತು. ಪೂರ್ತಿ ಸುಳ್ಳು ಅನ್ನುವಂತಿಲ್ಲ. ನಮ್ಮ ಮನೆಯಲ್ಲೇ ನೋಡಿ, ಬೆಳಿಗ್ಗೆ ಹಾಲು ಹಾಕುವ ಅವಸರದಲ್ಲಿ ಮಜ್ಜಿಗೆ ಮಾಡುವುದೇ ನಿಂತುಹೋಯಿತು. ಮುಂಚೆ ಯಾರು ಬಂದರೂ ಒಂದು ಚೊಂಬು ಮಜ್ಜಿಗೆ ಇತ್ತು. ಇನ್ನೊಂದು ಮಾತು, ಇದನ್ನು ಹೇಳಿದರೆ ನಮ್ಮ ಗಂಡಸರಿಗೆ ಕೋಪ ಬರಬಹುದು. ಸಗಣಿ ಬಾಚುವವರು, ಹುಲ್ಲು ತರುವವರು, ಹಾಲು ಕರೆಯುವವರು ಬಹುಪಾಲು ಹೆಂಗಸರು. ಷೇರು ಇರುವುದು ನಮ್ಮ ಹೆಸರಿನಲ್ಲಿ, ಕುರ್ಚಿ ಮೇಲೆ ಕೂರುವವರೂ ನಾವು.

ಆದರೂ ಹಾಲಿನ ವಿಷಯದಲ್ಲಿ ನನ್ನ ತೀರ್ಮಾನ ಒಳ್ಳೇದಾಯಿತು ಎಂದೇ. ನಮ್ಮ ಊರಿಗೆ ಸಂಘ ಬರುವ ಮುಂಚೆ, ಸ್ಕೂಲಿಗೆ ಹೋಗುವಾಗ ನಾನು ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಮೂರು ಕಿಲೋಮೀಟರ್ ದೂರದ ಪಕ್ಕದೂರಿನ ಸಂಘಕ್ಕೆ ಹಾಲು ಹಾಕಿ ಬರುತ್ತಿದ್ದೆ. ಮಳೆಯಲ್ಲಿ ಒಂದು ಸಲ ಹಳ್ಳದಲ್ಲಿ ಬಿದ್ದು ಅಷ್ಟೂ ಹಾಲು ಚೆಲ್ಲಿ ಮನೆಗೆ ಹೋಗಲು ಹೆದರಿ ಗುಡಿಯ ಜಗುಲಿಯಲ್ಲಿ ಕೂತಿದ್ದೆ. ನಮ್ಮಮ್ಮ ಹುಡುಕಿಕೊಂಡು ಬಂದು, "ಬಟವಾಡೆ ಶನಿವಾರ ಬಂದೇ ಬರುತ್ತೆ, ಒಂದು ಹೊತ್ತಿನ ಹಾಲು ಹೋದರೆ ಹೋಗ್ಲಿ ಬಾ" ಅಂದರು. ಬರುತ್ತೆ ಎಂಬ ಆ ನಂಬಿಕೆ ರಾಗಿಯಲ್ಲೂ ಇರಲಿಲ್ಲ, ಟೊಮೇಟೊದಲ್ಲಂತೂ ಇರಲೇ ಇಲ್ಲ. ನನ್ನ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫೀಜು ಹಾಲಿನ ದುಡ್ಡು. ಇವತ್ತು ರಾಜ್ಯದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಹಾಲಿನ ಸಂಘಗಳಿವೆ, ಸಹಕಾರಿ ಹಾಲು ಸಂಗ್ರಹಣೆಯಲ್ಲಿ ಗುಜರಾತು ಬಿಟ್ಟರೆ ನಾವೇ.

ಈಗ ಎರಡನೆಯ ಕಥೆ. ನೀಲಗಿರಿ. ಇದಕ್ಕೂ ದುಡ್ಡು ಅಲ್ಲಿಂದಲೇ.

ನೀಲಗಿರಿ ನಮ್ಮ ಸೀಮೆಗೆ ಹೊಸದೇನಲ್ಲ. ಟಿಪ್ಪು ಸುಲ್ತಾನರ ಕಾಲದಲ್ಲೇ ನಂದಿಬೆಟ್ಟದಲ್ಲಿ ನೆಟ್ಟರು ಎನ್ನುತ್ತಾರೆ. ಆದರೆ ಅದು ಬೆಟ್ಟ ಇಳಿದು ರಾಗಿ ಹೊಲಕ್ಕೆ ಬಂದದ್ದು ಎಪ್ಪತ್ತರ ದಶಕದಿಂದ ಈಚೆಗೆ. 1984ರಲ್ಲಿ ಕರ್ನಾಟಕ ಸಾಮಾಜಿಕ ಅರಣ್ಯ ಯೋಜನೆಗೆ ಅದೇ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ 2 ಕೋಟಿ 70 ಲಕ್ಷ ಡಾಲರ್ ಕೊಟ್ಟಿತು, ಬ್ರಿಟನ್ ಸರ್ಕಾರದ ನೆರವೂ ಸೇರಿತ್ತು. ಹೆಸರೇ ಸಾಮಾಜಿಕ ಅರಣ್ಯ. ಹಳ್ಳಿಯವರಿಗೆ ಸೌದೆ, ದನಕ್ಕೆ ಸೊಪ್ಪು, ಮನೆಗೆ ಮರಮುಟ್ಟು ಸಿಗಬೇಕು ಎಂಬುದು ಉದ್ದೇಶ. ಉದ್ದೇಶ ಕೆಟ್ಟದ್ದು ಅಂತ ಯಾರು ಹೇಳುತ್ತಾರೆ? ಆದರೆ ನಮ್ಮ ಕಡೆ ರೈತರ ಜಮೀನಿಗೆ ಬಂದದ್ದು ಹೆಚ್ಚಾಗಿ ಒಂದೇ ಗಿಡ. ಅದರ ಎಲೆಯನ್ನು ಮೇಕೆಯೂ ಮೂಸುವುದಿಲ್ಲ. ಕಡಿದ ಮರ ಲಾರಿ ಹತ್ತಿ ಕಂಬಕ್ಕೂ, ಕಾಗದ ರೇಯಾನ್ ಕಾರ್ಖಾನೆಗೂ ಹೋಯಿತು. ಹಳ್ಳಿಯ ಒಲೆಗೆ ಬಂದದ್ದು ರೆಂಬೆ, ತರಗು.

ಮೊದಲೇ ಯಾರೂ ಎಚ್ಚರಿಸಿರಲಿಲ್ಲವೇ ಅಂದರೆ, ಎಚ್ಚರಿಸಿದ್ದರು. 1981ರಲ್ಲಿಯೇ ಬೆಂಗಳೂರಿನ ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆಯಿಂದ ನಮ್ಮ ಕೋಲಾರ ಜಿಲ್ಲೆಯ ಬಗ್ಗೆಯೇ ಒಂದು ಅಧ್ಯಯನ ಬಂದಿತ್ತು. ರಾಗಿ ಬೆಳೆಯುವ ಹೊಲ ನೀಲಗಿರಿಗೆ ಹೋಗುತ್ತಿದೆ, ಕೂಲಿಯವರ ಕೆಲಸ ಹೋಗುತ್ತಿದೆ ಎಂದು ಅದರಲ್ಲಿ ಬರೆದಿದ್ದರು. 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಸೆ, ಮಾವಿನ ಬೀಜ ಊರಿದರು. ಸಾಲ ಮಂಜೂರಾದದ್ದು ಇದೆಲ್ಲ ಆದಮೇಲೆ! 1987ರ ನವೆಂಬರಿನಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ನಡೆದ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹವನ್ನು ಹಿರಿಯರು ಪತ್ರಿಕೆಯಲ್ಲಿ ಓದಿರಬೇಕು. ಅಲ್ಲಿ ಪ್ರಶ್ನೆ ಬ್ಯಾಂಕಿನದಲ್ಲ, ಊರಿನ ಗೋಮಾಳದಂಥ ಜಮೀನನ್ನು ಸರ್ಕಾರ ಮತ್ತು ಕಾರ್ಖಾನೆ ಸೇರಿದ ಜಂಟಿ ಕಂಪನಿಗೆ ಕೊಟ್ಟದ್ದು. ಆದರೆ ಗಿಡ ಇದೇ.

ಇಷ್ಟು ಬರೆದು ನಾನು ಸಾಚಾ ಅಂತ ತೋರಿಸಿಕೊಳ್ಳುವುದು ಸರಿಯಲ್ಲ. ನಮ್ಮಪ್ಪನೂ ಎರಡು ಎಕರೆಗೆ ನೀಲಗಿರಿ ಹಾಕಿದ. ಸಸಿ ಸುಲಭಕ್ಕೆ ಸಿಕ್ಕಿತು. ಪುಗಸಟ್ಟೆ ಸಿಕ್ಕಿದರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಜಾತಿ ನಮ್ಮದು. ಆದರೆ ಬರೀ ಆಸೆ ಅಂತಲೂ ಹೇಳಲಾರೆ. ಮಳೆ ಕೈಕೊಡುತ್ತಿತ್ತು, ಕಳೆ ತೆಗೆಯುವುದಕ್ಕೆ ಆಳು ಸಿಗುತ್ತಿರಲಿಲ್ಲ, ದನ ಮೇಯುವ ಭಯವಿಲ್ಲ, ಕಾವಲು ಬೇಡ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಜಮೀನ್ದಾರರಂತೂ ನೆಟ್ಟು ಬೀಗ ಹಾಕಿಕೊಂಡು ಹೋದ ಹಾಗೆ ಹೋದರು. ಎಂಟು ವರ್ಷಕ್ಕೆ ಮೊದಲ ಕಡಿತ. ಆ ದುಡ್ಡಿನಲ್ಲಿ ನಮ್ಮಕ್ಕನ ಮದುವೆ ಆಯಿತು. ಇದನ್ನು ಮುಚ್ಚಿಟ್ಟರೆ ದೇವರು ಮೆಚ್ಚುವುದಿಲ್ಲ.

ಆಮೇಲೆ ನಮ್ಮ ತೋಪಿನ ಕೆಳಗಿನ ಬಾವಿ ಬತ್ತಿತು. 1996ರಲ್ಲಿ ಮುನ್ನೂರು ಅಡಿಗೆ ನೀರು ಸಿಕ್ಕಿದ್ದ ಬೋರು ಆರು ವರ್ಷಕ್ಕೆ ನಿಂತಿತು. ಈಗ ನಮ್ಮ ಜಮೀನಿನಲ್ಲಿ ಇರುವುದು ಸಾವಿರದ ಇನ್ನೂರು ಅಡಿ. ಇದೆಲ್ಲ ನೀಲಗಿರಿಯಿಂದಲೇ ಎಂದು ನಾನು ಪ್ರಮಾಣ ಮಾಡಲಾರೆ. ಮಳೆ ಕಮ್ಮಿಯಾಯಿತು, ಕೆರೆಗೆ ಹೂಳು ತುಂಬಿತು, ಊರಿಗೆ ಊರೇ ಬೋರು ಕೊರೆಸಿತು, ಸೀಮೆಹಸುವಿನ ಮೇವಿಗೆ ನಾವೇ ನೀರು ಹಾಯಿಸಿದೆವು. ಹಾಲೂ ನೀರು ಕುಡಿದಿದೆ, ಅದನ್ನು ಮರೆಯಬಾರದು. ಆದರೆ ನೀಲಗಿರಿಯ ಮೇಲಿನ ಅನುಮಾನ ಬರೀ ಹಳ್ಳಿಗರ ಮಾತಲ್ಲ. ಹೊಸಕೋಟೆಯ ಹತ್ತಿರ ಬ್ರಿಟನ್ನಿನ ಜಲವಿಜ್ಞಾನಿಗಳೂ ನಮ್ಮ ಅರಣ್ಯ ಇಲಾಖೆಯವರೂ ಸೇರಿ ಮಾಡಿದ ಅಳತೆ 1997ರಲ್ಲಿ ಪ್ರಕಟವಾಯಿತು. ಮಳೆ ಕಡಿಮೆಯಿದ್ದ ಮೂರು ವರ್ಷದಲ್ಲಿ ಆಳ ಮಣ್ಣಿನ ಆ ತೋಪು, ಬಿದ್ದ ಮಳೆಗಿಂತ ಹೆಚ್ಚು ನೀರು ಬಳಸಿತ್ತು. ಬೇರು ವರ್ಷವರ್ಷ ಹೊಸ ಆಳಕ್ಕೆ ಇಳಿದು ಹಿಂದಿನ ಮಳೆಯ ತೇವವನ್ನೂ ಹೀರುತ್ತಿತ್ತು. ಬೇರೆ ಕಡೆ, ಮಣ್ಣು ಆಳವಿಲ್ಲದ ಜಾಗದಲ್ಲಿ, ಕಾಡಿನ ಮರಕ್ಕಿಂತ ಹೆಚ್ಚೇನೂ ಕುಡಿಯಲಿಲ್ಲ ಎಂಬುದೂ ಅದೇ ವಿಜ್ಞಾನಿಗಳ ಮಾತು. ನಮ್ಮದು ಆಳ ಮಣ್ಣಿನ ಸೀಮೆ. ಅಳತೆ ಆದದ್ದು ನೆಟ್ಟು ಎಷ್ಟೋ ವರ್ಷವಾದ ಮೇಲೆ. ಹೊಸದಾಗಿ ನೀಲಗಿರಿ ನೆಡಬಾರದೆಂದು ರಾಜ್ಯ ಸರ್ಕಾರದ ಆದೇಶ ಬಂದದ್ದು 2017ರಲ್ಲಿ. ನಾನು ಮರುವರ್ಷ ಜೆ.ಸಿ.ಬಿ. ತರಿಸಿ ಬೊಡ್ಡೆ ಕೀಳಿಸಿದೆ. ಅದಕ್ಕಾದ ಖರ್ಚು ಕೊನೆಯ ಕಡಿತದಲ್ಲಿ ಬಂದದ್ದಕ್ಕಿಂತ ಹೆಚ್ಚು.

ದೊಡ್ಡ ಅಣೆಕಟ್ಟುಗಳ ಕಥೆಯನ್ನು ನಮ್ಮಂಥ ಬಯಲುಸೀಮೆಯ ಹೊಳೆಯಿಲ್ಲದ ಊರಿನವನು ಉದ್ದ ಬರೆಯುವುದು ಸರಿಯಲ್ಲ. ಆದರೂ ಎರಡು ಮಾತು. ನಮ್ಮದೇ ಕೃಷ್ಣಾ ಮೇಲ್ದಂಡೆ ಯೋಜನೆಗೆ 1978ರಲ್ಲೂ 1989ರಲ್ಲೂ ವಿಶ್ವಬ್ಯಾಂಕಿನ ಸಾಲ ಬಂತು. ಮುಳುಗಡೆಯಾದವರ ಪುನರ್ವಸತಿ ಸರಿಯಾಗಿ ಆಗಿಲ್ಲವೆಂದು ತೊಂಬತ್ತರ ದಶಕದಲ್ಲಿ ಬ್ಯಾಂಕೇ ಎರಡು ಸಲ ಹಣ ತಡೆಹಿಡಿಯಿತು. ನರ್ಮದೆಯ ಸರ್ದಾರ್ ಸರೋವರಕ್ಕೆ 1985ರಲ್ಲಿ 45 ಕೋಟಿ ಡಾಲರ್ ಒಪ್ಪಿದ್ದರು. ಜನ ಹೋರಾಡಿದ ಮೇಲೆ ಬ್ಯಾಂಕು ಮೋರ್ಸ್ ಎಂಬುವರ ಸಮಿತಿ ನೇಮಿಸಿತು. ಮುಳುಗುವವರ ಲೆಕ್ಕವನ್ನೇ ಸರಿಯಾಗಿ ತೆಗೆದಿಲ್ಲ ಎಂದು ಆ ಸಮಿತಿ 1992ರಲ್ಲಿ ವರದಿ ಕೊಟ್ಟಿತು. 1993ರಲ್ಲಿ ಉಳಿದ ಸಾಲ ಬೇಡವೆಂದು ಭಾರತ ಸರ್ಕಾರವೇ ಹೇಳಿ, ಅಣೆಕಟ್ಟನ್ನು ಸ್ವಂತ ಹಣದಲ್ಲಿ ಮುಂದುವರಿಸಿತು. ಅಂದರೆ ಹೊರಗಿನವರು ಹೋದರೂ ಮುಳುಗುವವನ ಕಷ್ಟ ಮುಳುಗುವವನಿಗೇ ಉಳಿಯಿತು. ಬರೀ ಹೊರದೇಶದವರನ್ನು ಬಯ್ಯುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಕೆರೆಗಳ ವಿಚಾರದಲ್ಲಿ ಬ್ಯಾಂಕಿನವರೂ ಒಂದಿಷ್ಟು ಕಲಿತರು ಅನ್ನಿಸುತ್ತೆ. 2002ರಿಂದ 2012ರವರೆಗೆ ಅವರ ನೆರವಿನಲ್ಲಿ ಸಮುದಾಯದ ಮೂಲಕ ಕೆರೆ ಅಭಿವೃದ್ಧಿ ನಡೆಯಿತು, ಊರಲ್ಲಿ ಕೆರೆ ಬಳಕೆದಾರರ ಸಂಘ ಆಗಬೇಕು, ಊರವರ ವಂತಿಗೆ ಸೇರಬೇಕು ಎಂಬ ನಿಯಮ ಇತ್ತು. ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದ ನಮ್ಮ ಹಳೆಯ ಕೋಲಾರ ಜಿಲ್ಲೆಗೆ ಇದಕ್ಕಿಂತ ಬೇಕಾದ ಕೆಲಸ ಯಾವುದಿತ್ತು? ಕೆಲವು ಊರಲ್ಲಿ ಆ ಸಂಘ ಉಳಿದಿದೆ, ಕೆಲವು ಕಡೆ ಬೋರ್ಡು ಉಳಿದಿದೆ. ತೂಬು ಯಾರು ಎತ್ತಬೇಕು ಎಂಬ ಜಗಳ ನಮ್ಮ ನಮ್ಮಲ್ಲೇ ಇದ್ದಾಗ ಯಾವ ಬ್ಯಾಂಕು ಏನು ಮಾಡೀತು.

ಹಾಗಾದರೆ ಒಂದೇ ಕಡೆಯ ದುಡ್ಡು, ಹತ್ತು ವರ್ಷದ ಅಂತರ, ಒಂದೇ ಜಿಲ್ಲೆ. ಹಾಲು ಯಾಕೆ ಉಳಿಯಿತು, ನೀಲಗಿರಿ ಯಾಕೆ ಹೀಗಾಯಿತು? ನನ್ನ ಬುದ್ಧಿಗೆ ತೋಚಿದ್ದು ಇಷ್ಟು. ಹಾಲನ್ನು ದಿನಕ್ಕೆ ಎರಡು ಸಲ ನಮ್ಮ ಕಣ್ಣೆದುರೇ ಅಳೆಯುತ್ತಾರೆ. ಫ್ಯಾಟು ಕಡಿಮೆ ಬರೆದರೆ ಅಲ್ಲೇ ಜಗಳ. ಕಾರ್ಯದರ್ಶಿ ಸರಿಯಿಲ್ಲ ಅಂದರೆ ವಾರ್ಷಿಕ ಸಭೆಯಲ್ಲಿ ಬೆವರಿಳಿಸುತ್ತೇವೆ. ನಮ್ಮ ಸಂಘದಲ್ಲೇ ಮೊದಲ ಐದು ವರ್ಷದಲ್ಲಿ ಮೂರು ಸಲ ಹಾಗಾಯಿತು. ನಿರ್ದೇಶಕರನ್ನು ಓಟು ಹಾಕಿ ಇಳಿಸಬಹುದು, ನನ್ನನ್ನೂ ಸೇರಿಸಿ. ತೀರಾ ಅನ್ಯಾಯವಾದರೆ ಖೇಡಾದವರ ಹಾಗೆ ನಾಳೆಯಿಂದ ಹಾಲು ಹಾಕುವುದಿಲ್ಲ ಅನ್ನಬಹುದು. ನೀಲಗಿರಿಯಲ್ಲಿ ಎಂಟು ವರ್ಷಕ್ಕೊಮ್ಮೆ ಒಂದು ಲಾರಿ ಬರುತ್ತೆ, ಅವನು ಹೇಳಿದ ತೂಕ, ಅವನು ಹೇಳಿದ ರೇಟು. ಬೇರು ಎಷ್ಟು ಆಳಕ್ಕೆ ಹೋಯಿತು ಎಂಬುದಂತೂ ಯಾರ ಕಣ್ಣಿಗೂ ಬೀಳಲಿಲ್ಲ. ಬೇಡ ಅಂತ ಮನಸ್ಸು ಬದಲಾಯಿಸುವ ಹೊತ್ತಿಗೆ ಬಾವಿ ಬತ್ತಿತ್ತು. ಬತ್ತಿದ್ದು ನೆಟ್ಟವನದು ಮಾತ್ರವಲ್ಲ, ಪಕ್ಕದ ಹೊಲದವನದೂ ಕೂಡ. ಅವನಿಗೆ ಕಂಬದ ದುಡ್ಡಿನಲ್ಲಿ ಒಂದು ಕಾಸೂ ಬರಲಿಲ್ಲ.

ಯುಗಾದಿಯ ಮೇಲೆ ಬಂದಿದ್ದವರಿಗೆ ನಾನು ಆಮೇಲೆ ಫೋನ್ ಮಾಡಿ ಕೆಲವು ಪ್ರಶ್ನೆ ಕೇಳಿದೆ. ಯಾವ ಮರ, ಯಾರು ಆರಿಸುವುದು? ಇಂಗಾಲವನ್ನು ಅಳೆಯುವವರು ಯಾರು, ಅಳೆಯುವಾಗ ನಾವು ಪಕ್ಕದಲ್ಲಿ ನಿಂತು ನೋಡಬಹುದಾ? ಹತ್ತು ವರ್ಷಕ್ಕೆ ಮಗನಿಗೆ ಜಮೀನು ಭಾಗವಾದರೆ ಕರಾರು ಯಾರ ತಲೆಗೆ? ಬೇಡ ಅನ್ನಿಸಿದರೆ ಬಿಡಬಹುದಾ, ಬಿಟ್ಟರೆ ಎಷ್ಟು ದಂಡ? ನೀರು ಕಮ್ಮಿಯಾದರೆ ಪಕ್ಕದ ಹೊಲದವನು ಯಾರನ್ನು ಕೇಳಬೇಕು? ಒಳ್ಳೆಯ ಜನ, ಸಿಟ್ಟು ಮಾಡಿಕೊಳ್ಳಲಿಲ್ಲ. ಮೊದಲ ಎರಡಕ್ಕೆ ಉತ್ತರ ಕೊಟ್ಟರು. ಮರಗಳ ಪಟ್ಟಿಯಲ್ಲಿ ಹುಣಸೆ, ಹೊಂಗೆ, ನೇರಳೆ ಇವೆ, ನೀಲಗಿರಿ ಇಲ್ಲ. ಅಳತೆ ಕಂಪ್ಯೂಟರಿನಲ್ಲಿ, ಆಕಾಶದಿಂದ ತೆಗೆದ ಚಿತ್ರ ನೋಡಿ ಆಗುತ್ತಂತೆ. ಉಳಿದದ್ದಕ್ಕೆ ಕರಾರು ಪತ್ರವನ್ನೇ ಕಳಿಸುತ್ತೇವೆ ಅಂದರು, ಕಳಿಸಿದರು. ಹತ್ತೊಂಬತ್ತು ಪುಟ ಇಂಗ್ಲಿಷಿನಲ್ಲಿದೆ.

ಅದನ್ನು ನಮ್ಮ ಹೈಸ್ಕೂಲಿನ ಮೇಷ್ಟ್ರೊಬ್ಬರು ಕನ್ನಡಕ್ಕೆ ಬರೆದುಕೊಡುತ್ತಿದ್ದಾರೆ, ಹನ್ನೊಂದು ಪುಟ ಆಗಿದೆ. ಆದಷ್ಟನ್ನು ಸಂಘದ ಕಚೇರಿಯ ಬೀರುವಿನ ಮೇಲಿನ ಅರೆಯಲ್ಲಿ ಕೆಂಪು ಫೈಲಿನಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಹಾಲು ಹಾಕಿದ ಮೇಲೆ ಯಾರು ಬೇಕಾದರೂ ಕೂತು ಓದಬಹುದು, ಓದಲು ಬಾರದವರಿಗೆ ಓದಿ ಹೇಳುವುದಕ್ಕೆ ಪರೀಕ್ಷಕರು ಒಪ್ಪಿದ್ದಾರೆ. ಹೆಂಗಸರೂ ಬರಬೇಕು, ಹೊಲದಲ್ಲಿ ನೆರಳು ಬಿದ್ದರೆ ಹುಲ್ಲು ಎಲ್ಲಿ ಸಿಗುತ್ತೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಠರಾವಿನ ವಿಷಯ ಮುಂದಿನ ಸರ್ವಸದಸ್ಯರ ಸಭೆಗೆ ಬರುತ್ತೆ. ಅಲ್ಲಿಯವರೆಗೆ ಯಾರೂ ಸಹಿ ಹಾಕದೆ ಇರಬೇಕೆಂದು ನನ್ನ ವಿನಂತಿ.